ಗಾಡಿಗೂ ಬೇಕು ಹೊತ್ತಿಗೆ ಸರಿಯಾಗಿ ಎಣ್ಣೆ

ಎತ್ತಿನ ಬಂಡಿ ಹೂಡುವ ಮೊದಲು ಗಾಲಿಯ ಅಚ್ಚಿಗೆ ಕೀಲೆಣ್ಣೆ ಹಾಕಬೇಕೆಂಬುದು ಕಲಬುರಗಿ ಸೀಮೆಯ ಹಿರಿಯರಿಗೆ ಯಾರೂ ಹೇಳಿಕೊಡಬೇಕಾದ ಪಾಠವಾಗಿರಲಿಲ್ಲ. ಗಾಲಿ ಕಿರ್ರೆಂದರೆ ಎಣ್ಣೆ ಆರಿದೆ ಎಂದೇ ಅರ್ಥ. ಇಂದು ಶರಣಸಿರಸಗಿಯಂಥ ಊರುಗಳಲ್ಲಿ ಬಂಡಿ ನಿಲ್ಲುತ್ತಿದ್ದ ಜಾಗದಲ್ಲಿ ಬೈಕು, ಸ್ಕೂಟರುಗಳು ನಿಂತಿವೆ. ನಗರ ಹತ್ತಿರ, ಮಕ್ಕಳು ಕಾಲೇಜಿಗೆ ಹೋಗಿಬರುವುದೂ ಅವುಗಳ ಮೇಲೆಯೇ. ಆದರೆ ಎಂಜಿನ್ನು ಬಂಡಿಯ ಗಾಲಿಯಂತೆ ಮೊದಲೇ ಕಿರುಗುಟ್ಟಿ ಎಚ್ಚರಿಸುವುದಿಲ್ಲ. ಅದು ಸದ್ದು ಮಾಡುವ ಹೊತ್ತಿಗೆ ಒಳಗೆ ಸವೆಯಬಾರದ್ದೆಲ್ಲ ಸವೆದಿರುತ್ತದೆ.

ಒಂದು ಲೀಟರ್ ಎಂಜಿನ್ ಆಯಿಲ್‌ಗೆ ತಗಲುವುದು ಕೆಲವು ನೂರು ರೂಪಾಯಿ. ಆಯಿಲ್ ಸಾಲದೆ ಎಂಜಿನ್ ಜಾಮ್ ಆದರೆ ಬೋರು, ಪಿಸ್ಟನ್ನು, ಕೂಲಿ ಎಂದು ಸಾವಿರಗಳ ಲೆಕ್ಕ. ಅದೂ ಪರೀಕ್ಷೆಯ ದಿನ ನಡುದಾರಿಯಲ್ಲಿ ಕೈಕೊಟ್ಟರೆ ಕಳೆದುಕೊಳ್ಳುವುದು ಹಣವನ್ನಷ್ಟೇ ಅಲ್ಲ. ಹಾಗಾಗಿ ಯಾವ ಎಣ್ಣೆ, ಎಷ್ಟು ದಿನಕ್ಕೊಮ್ಮೆ ಎಂಬ ಪ್ರಶ್ನೆಯನ್ನು ಮಿಸ್ತ್ರಿಗೇ ಬಿಟ್ಟು ಸುಮ್ಮನಿರುವುದು ಜಾಣತನವಲ್ಲ.

ಎಣ್ಣೆ ಮಾಡುವ ಕೆಲಸ

ಮೀಟರಿನಲ್ಲಿ ಎಂಜಿನ್ ವೇಗ ನಿಮಿಷಕ್ಕೆ 5,000 ಸುತ್ತು ಎಂದಿದ್ದರೆ ಪಿಸ್ಟನ್ ಸೆಕೆಂಡಿಗೆ 80ಕ್ಕೂ ಹೆಚ್ಚು ಸಲ ಮೇಲೆ ಕೆಳಗೆ ಓಡಾಡುತ್ತದೆ. ಲೋಹಕ್ಕೆ ಲೋಹ ತಾಗದಂತೆ ನಡುವೆ ತೆಳುವಾದ ಪೊರೆಯಾಗಿ ನಿಲ್ಲುವುದು ಎಣ್ಣೆ. ಜೊತೆಗೆ ಅದು ಶಾಖವನ್ನು ಹೊತ್ತೊಯ್ಯುತ್ತದೆ, ಮಸಿಯನ್ನು ತೊಳೆಯುತ್ತದೆ, ತುಕ್ಕು ಹಿಡಿಯದಂತೆ ಕಾಯುತ್ತದೆ. ಇಷ್ಟೆಲ್ಲ ಕೆಲಸಕ್ಕೆ 100ರಿಂದ 125 ಸಿ.ಸಿ.ಯ ಗಾಡಿಗಳಲ್ಲಿ ಇರುವ ಎಣ್ಣೆ ಮುಕ್ಕಾಲು ಲೀಟರಿನಿಂದ ಒಂದು ಲೀಟರಿನಷ್ಟು ಮಾತ್ರ.

ಲೂನಾ, ಹಳೆಯ ಚೇತಕ್‌ಗಳ ಕಾಲದಲ್ಲಿ ಈ ಚಿಂತೆ ಇರಲಿಲ್ಲ. ಅವು ಟೂ-ಸ್ಟ್ರೋಕ್ ಗಾಡಿಗಳು. ಪೆಟ್ರೋಲಿನ ಜೊತೆ ಎಣ್ಣೆಯನ್ನೂ ಬೆರೆಸಿದರೆ ಎರಡೂ ಕೂಡಿಯೇ ಉರಿದುಹೋಗುತ್ತಿದ್ದವು. ಎಂಜಿನ್ನಿನಲ್ಲಿ ಬದಲಿಸಲು ಹಳೆ ಎಣ್ಣೆ ಉಳಿಯುತ್ತಿರಲಿಲ್ಲ. 1985ರಲ್ಲಿ ಹೀರೊ ಹೋಂಡಾ ಸಿ.ಡಿ.100 ಬಂದ ಮೇಲೆ ಫೋರ್-ಸ್ಟ್ರೋಕ್ ಬೈಕುಗಳು ಮನೆಮಾತಾದವು. ಇವುಗಳಲ್ಲಿ ಎಣ್ಣೆ ಎಂಜಿನ್ನಿನ ತಳದಲ್ಲೇ ಇದ್ದು ಮತ್ತೆ ಮತ್ತೆ ಸುತ್ತುತ್ತದೆ. ಸುತ್ತಿದಂತೆ ಅದರ ಸತ್ವ ಇಳಿಯುತ್ತದೆ.

ಡಬ್ಬಿಯ ಮೇಲಿನ ಅಂಕಿ

ಅಂಗಡಿಯಲ್ಲಿ ಡಬ್ಬಿ ಹಿಡಿದರೆ 10ಡಬ್ಲ್ಯು-30, 20ಡಬ್ಲ್ಯು-40, 20ಡಬ್ಲ್ಯು-50 ಎಂಬ ಬರಹ ಕಾಣುತ್ತದೆ. ಭೌತಶಾಸ್ತ್ರ ಓದುವ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ. ಇದು ಸ್ನಿಗ್ಧತೆಯ, ಅಂದರೆ ದ್ರವ ಎಷ್ಟು ಮಂದವಾಗಿ ಹರಿಯುತ್ತದೆ ಎಂಬುದರ ಗುರುತು. ನೀರು ಸರಾಗ ಹರಿಯುತ್ತದೆ, ಜೇನು ತಡವರಿಸುತ್ತದೆ. ಡಬ್ಲ್ಯು ಎಂದರೆ ಚಳಿಗಾಲ. ಮೊದಲ ಅಂಕಿ ಚಳಿಯಲ್ಲಿ ಎಣ್ಣೆ ಹೇಗೆ ಹರಿಯುತ್ತದೆ ಎಂಬುದಕ್ಕೆ, ಎರಡನೆಯದು 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಎಷ್ಟು ಮಂದ ಉಳಿಯುತ್ತದೆ ಎಂಬುದಕ್ಕೆ.

‘ನಮ್ ಕಡಿ ಬಿಸಲು ಭಾಳ, ದಪ್ಪ ಆಯಿಲ್ ಹಾಕ್ರಿ’ ಎಂಬ ಮಾತು ಇಲ್ಲಿ ಸಾಮಾನ್ಯ. ಕಲಬುರಗಿಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವುದು ನಿಜ. ಆದರೆ ಎಂಜಿನ್ನಿನೊಳಗಿನ ಬಿಸಿ ಅದಕ್ಕಿಂತ ಎಷ್ಟೋ ಹೆಚ್ಚು. ಗಾಡಿ ತಯಾರಿಸಿದವರು ಅದನ್ನು ಲೆಕ್ಕಕ್ಕೆ ಹಿಡಿದೇ ಗ್ರೇಡ್ ಸೂಚಿಸಿರುತ್ತಾರೆ. 10ಡಬ್ಲ್ಯು-30 ಎಂದು ಬರೆದ ಗಾಡಿಗೆ ತಾವೇ ಯೋಚಿಸಿ 20ಡಬ್ಲ್ಯು-50 ಸುರಿದರೆ ಬೆಳಿಗ್ಗೆ ಗಾಡಿ ಹೊರಡುವಾಗ ಎಣ್ಣೆ ಸಣ್ಣ ದಾರಿಗಳಲ್ಲಿ ಏರುವುದು ತಡವಾಗುತ್ತದೆ, ಪೆಟ್ರೋಲೂ ಹೆಚ್ಚು ಸುಡುತ್ತದೆ.

ಡಬ್ಬಿಯ ಮೇಲೆ ಇನ್ನೆರಡು ಗುರುತುಗಳಿರುತ್ತವೆ. ಒಂದು ಎಪಿಐ. ಪೆಟ್ರೋಲ್ ಎಂಜಿನ್ನಿನ ಎಣ್ಣೆಗೆ ಎಸ್ ಅಕ್ಷರ ಮೊದಲು. ಎಸ್‌ಎಲ್, ಎಸ್‌ಎಂ, ಎಸ್‌ಎನ್ ಎಂದು ಎರಡನೆಯ ಅಕ್ಷರ ಮುಂದೆ ಹೋದಷ್ಟೂ ಹೊಸ ದರ್ಜೆ. ಡೀಸೆಲ್ ಎಂಜಿನ್ನಿನದಾದರೆ ಸಿ ಅಕ್ಷರ. ಎರಡನೆಯದು 1998ರಲ್ಲಿ ಜಪಾನಿನಲ್ಲಿ ಬಂದ ಜಾಸೊ ಗುರುತು. ಬೈಕಿನಲ್ಲಿ ಎಂಜಿನ್, ಗೇರು, ಕ್ಲಚ್ಚು ಮೂರೂ ಸಾಮಾನ್ಯವಾಗಿ ಒಂದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಎಣ್ಣೆ ಅತಿಯಾಗಿ ಜಾರಿದರೆ ಕ್ಲಚ್ಚೂ ಜಾರುತ್ತದೆ. ಆದ್ದರಿಂದ ಗೇರಿನ ಬೈಕಿಗೆ ಎಂಎ, ಗೇರಿಲ್ಲದ ಸ್ಕೂಟರಿಗೆ ಹೆಚ್ಚಾಗಿ ಎಂಬಿ. ಹೊಲದ ಟ್ರ್ಯಾಕ್ಟರಿಗೆ ತಂದು ಉಳಿದ ಎಣ್ಣೆಯನ್ನೋ ಕಾರಿನ ಎಣ್ಣೆಯನ್ನೋ ಬೈಕಿಗೆ ಹಾಕಬಾರದು ಎನ್ನುವುದು ಇದೇ ಕಾರಣಕ್ಕೆ.

ಎಷ್ಟು ದಿನಕ್ಕೊಮ್ಮೆ?

ಎಣ್ಣೆ ಕಪ್ಪಾದರೆ ಕೆಟ್ಟಿತು ಎಂಬುದು ಸಾಮಾನ್ಯ ನಂಬಿಕೆ. ಹಾಗಲ್ಲ. ಮಸಿಯನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವಂತೆ ಎಣ್ಣೆಗೆ ರಾಸಾಯನಿಕಗಳನ್ನು ಸೇರಿಸಿರುತ್ತಾರೆ. ಅದು ಕಪ್ಪಾಗುವುದು ಕೆಲಸ ಮಾಡುತ್ತಿರುವುದರ ಗುರುತು. ಬಣ್ಣ ನೋಡಿ ತೀರ್ಮಾನಿಸುವುದಕ್ಕಿಂತ ಗಾಡಿಯ ಕೈಪಿಡಿ ನೋಡುವುದು ಲೇಸು. ಅದರಲ್ಲಿ ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು ಎಂದು ಬರೆದಿರುತ್ತದೆ. ‘ಯಾವುದು ಮೊದಲೋ’ ಎಂಬ ಮಾತನ್ನೇ ಹೆಚ್ಚಿನವರು ಓದದೆ ಬಿಡುವುದು.

ಲೆಕ್ಕಕ್ಕೆ 3,000 ಕಿ.ಮೀ. ಎಂದು ಇಟ್ಟುಕೊಳ್ಳಿ. ಶರಣಸಿರಸಗಿಯ ವಿದ್ಯಾರ್ಥಿ ದಿನಕ್ಕೆ 20 ಕಿ.ಮೀ.ನಂತೆ ತಿಂಗಳಿಗೆ 25 ದಿನ ಓಡಾಡಿದರೆ ತಿಂಗಳಿಗೆ 500. ಆರು ತಿಂಗಳಿಗೆ ಅವಧಿ ಮುಗಿಯಿತು. ಕಮಲಾಪುರದಿಂದ ದಿನವೂ ನಗರಕ್ಕೆ ಬರುವವನ ಓಟ ಇದರ ಮೂರು ಪಟ್ಟಿಗೂ ಹೆಚ್ಚು. ಅವನಿಗೆ ಎರಡು ತಿಂಗಳೊಳಗೇ ಸರದಿ ಬರುತ್ತದೆ. ಸಂತೆ, ಗುಡಿ ಎಂದು ದಿನಕ್ಕೆ ಮೂರೇ ಕಿಲೋಮೀಟರ್ ಓಡುವ ಅಮ್ಮನ ಸ್ಕೂಟರು ವರ್ಷ ಕಳೆದರೂ 1,100 ದಾಟುವುದಿಲ್ಲ. ಹಾಗೆಂದು ಅದನ್ನು ಮೂರು ವರ್ಷ ಬಿಡುವಂತಿಲ್ಲ.

ಕಾರಣ ಹೀಗಿದೆ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು ಒಂದು ಲೀಟರಿನಷ್ಟು ನೀರೂ ಆವಿಯಾಗಿ ಹುಟ್ಟುತ್ತದೆ. ಬಹುಪಾಲು ಹೊಗೆಯ ಜೊತೆ ಹೋದರೂ ಸ್ವಲ್ಪ ಪಿಸ್ಟನ್ನಿನ ಸಂದಿನಿಂದ ಕೆಳಗಿಳಿದು ಎಣ್ಣೆ ಸೇರುತ್ತದೆ. ದೂರ ಓಡಿ ಎಂಜಿನ್ ಚೆನ್ನಾಗಿ ಕಾದರೆ ಅದು ಆರಿಹೋಗುತ್ತದೆ. ಕಾಯುವ ಮೊದಲೇ ನಿಲ್ಲಿಸುವ ಗಾಡಿಯಲ್ಲಿ ಆ ನೀರು, ಉರಿಯದ ಪೆಟ್ರೋಲು ಎಣ್ಣೆಯಲ್ಲೇ ಉಳಿದು ಅದನ್ನು ಕೆಡಿಸುತ್ತವೆ. ಕಡಿಮೆ ಓಡಿದ ಗಾಡಿಗೂ ತಿಂಗಳ ಗಡುವು ಇರುವುದು ಇದಕ್ಕೇ.

ಇನ್ನು ಧೂಳು. ತೊಗರಿ ರಾಶಿಯ ದಿನಗಳಲ್ಲಿ, ಹೊಲದ ಕಚ್ಚಾ ದಾರಿಯಲ್ಲಿ ಓಡುವ ಗಾಡಿಗೆ ಏರ್ ಫಿಲ್ಟರೇ ಬಾಗಿಲು ಕಾಯುವವ. ಅದು ಹರಿದಿದ್ದರೆ ಧೂಳಿನ ಕಣ ಎಣ್ಣೆ ಸೇರಿ ಉಜ್ಜುಗಾಗದದಂತೆ ಲೋಹ ತಿನ್ನುತ್ತದೆ. ಧೂಳಿನಲ್ಲಿ ಓಡುವ ಗಾಡಿಗೆ ಎಣ್ಣೆ, ಫಿಲ್ಟರು ಎರಡನ್ನೂ ಗಡುವಿಗಿಂತ ಮುಂಚೆಯೇ ನೋಡಿಸಬೇಕು. ಹೊಸ ಗಾಡಿಯ ಮೊದಲ ಸರ್ವಿಸನ್ನಂತೂ ತಪ್ಪಿಸಲೇಬಾರದು. ಭಾಗಗಳು ಹೊಂದಿಕೊಳ್ಳುವಾಗ ಉದುರಿದ ಲೋಹದ ಚೂರುಗಳು ಆಗಲೇ ಹೊರಬೀಳಬೇಕು.

ವಾರಕ್ಕೊಮ್ಮೆ ಐದು ನಿಮಿಷ

ಬದಲಿಸುವುದರಷ್ಟೇ ಮುಖ್ಯ ಅಳತೆ ನೋಡುವುದು. ಒಂದು ಲೀಟರೂ ಇಲ್ಲದ ಎಣ್ಣೆಯಲ್ಲಿ ಕಾಲು ಲೀಟರ್ ಸೋರಿದರೂ ಅಪಾಯವೇ. ಸಮನೆಲದ ಮೇಲೆ ಗಾಡಿಯನ್ನು ನಡುಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಎಂಜಿನ್ ಕೆಲ ನಿಮಿಷ ಓಡಿಸಿ ಆರಿಸಿ, ಎರಡು ಮೂರು ನಿಮಿಷ ತಾಳಿ. ಅಳತೆ ಕಡ್ಡಿಯನ್ನು ಒರೆಸಿ ಮತ್ತೆ ಇಳಿಸಿ ತೆಗೆದರೆ ಎಣ್ಣೆ ಎರಡು ಗೆರೆಗಳ ನಡುವೆ ಇರಬೇಕು. ಕಡ್ಡಿಯನ್ನು ತಿರುಗಿಸಿ ಬಿಗಿಯಬೇಕೋ ಸುಮ್ಮನೆ ಇಡಬೇಕೋ ಎಂಬುದನ್ನು ಕೈಪಿಡಿಯಲ್ಲಿ ನೋಡಿ. ಕಡಿಮೆಯಿದ್ದರೆ ಅದೇ ಗ್ರೇಡಿನ ಎಣ್ಣೆ ಸೇರಿಸಿ; ಮೇಲಿನ ಗೆರೆ ದಾಟಿಸುವುದೂ ತಪ್ಪೇ.

ಕೊಳ್ಳುವಾಗ ಬಿಡಿ ಎಣ್ಣೆ ಬೇಡ. ಸೀಲು ಒಡೆಯದ ಡಬ್ಬಿಯನ್ನು ನಿಮ್ಮೆದುರೇ ತೆರೆಸಿ. ಖಾಲಿ ಡಬ್ಬಿಗೆ ಕಲಬೆರಕೆ ತುಂಬಿ ಮಾರುವವರ ಕೈಗೆ ಅದು ಸಿಗದಂತೆ ಕತ್ತರಿಸಿಬಿಡಿ.

ಹಳೆ ಎಣ್ಣೆಯನ್ನು ಚರಂಡಿಗೆ, ಹೊಲದ ಬದುವಿಗೆ ಚೆಲ್ಲುವ, ಗೆದ್ದಲಿಗೆಂದು ಕಂಬಕ್ಕೆ ಬಳಿಯುವ ರೂಢಿ ಹಲವೆಡೆ ಇದೆ. ಅದರಲ್ಲಿ ಲೋಹದ ಅಂಶ, ಕ್ಯಾನ್ಸರ್ ತರಬಲ್ಲ ಸಂಯುಕ್ತಗಳು ಇರುತ್ತವೆ. ಮಳೆ ನೀರಿನೊಡನೆ ಹಳ್ಳ, ಬಾವಿ ಸೇರಿದರೆ ಕುಡಿಯುವವರು ನಾವೇ. 2016ರ ನಿಯಮಗಳ ಪ್ರಕಾರ ಇದು ಅಪಾಯಕಾರಿ ತ್ಯಾಜ್ಯ. ಬಳಸಿದ ಎಣ್ಣೆಯ ಮರುಬಳಕೆಯ ಹೊಣೆಯನ್ನು 2024ರ ಏಪ್ರಿಲ್ 1ರಿಂದ ಉತ್ಪಾದಕರ ಮೇಲೂ ಹೊರಿಸಲಾಗಿದೆ. ಹಳೆ ಎಣ್ಣೆಯನ್ನು ಡಬ್ಬಿಯಲ್ಲಿ ಹಿಡಿದು, ಮರುಬಳಕೆಗೆ ಕೊಡುವ ಗ್ಯಾರೇಜಿಗೆ ಒಪ್ಪಿಸುವುದೇ ಸರಿಯಾದ ದಾರಿ.

ಕೊನೆಗೆ ಒಂದು ಕಿರುಪುಸ್ತಕ. ಎಣ್ಣೆ ಬದಲಿಸಿದ ತಾರೀಖು, ಮೀಟರಿನ ಅಂಕಿ, ಎಣ್ಣೆಯ ಗ್ರೇಡು, ಕೊಟ್ಟ ಹಣ, ಮುಂದಿನ ಗಡುವು ಇಷ್ಟನ್ನು ಮಗನೋ ಮಗಳೋ ಬರೆದಿಡಲಿ. ಅಪ್ಪ ತಿಂಗಳಿಗೊಮ್ಮೆ ಕಣ್ಣಾಡಿಸಲಿ. ಗಾಡಿಯ ಕೀಲಿ ಕೈಗೆ ಬಂದ ದಿನವೇ ಈ ಪುಸ್ತಕವೂ ಮಕ್ಕಳ ಕೈಗೆ ಬರುವುದು ಒಳ್ಳೆಯದು.