ಮನೆಯಲ್ಲೇ ಕಟ್ಟಿದ ವಿಮಾನಕ್ಕೊಂದು ಮೆತ್ತೆ

ಅಮೆರಿಕದ ಆಶ್‌ಕಾಶ್‌ನಲ್ಲಿ ಪ್ರತಿ ಬೇಸಿಗೆ ನಡೆಯುವ ವಿಮಾನಗಳ ಜಾತ್ರೆಗೆ ಎಷ್ಟೋ ಮಂದಿ ತಮ್ಮ ಗ್ಯಾರೇಜಿನಲ್ಲಿ ತಾವೇ ಕಟ್ಟಿದ ವಿಮಾನ ಹಾರಿಸಿಕೊಂಡು ಬರುತ್ತಾರೆ. ನೋಡುವವರು ರೆಕ್ಕೆ, ಎಂಜಿನ್ನುಗಳ ಸುತ್ತ ಮುತ್ತಿಕೊಳ್ಳುತ್ತಾರೆ. ಸೀಟಿನ ಮೆತ್ತೆಯನ್ನು ಒತ್ತಿ ನೋಡುವವರು ಕಡಿಮೆ. ಕಟ್ಟಿದವರನ್ನು ಕೇಳಿದರೆ ಮಾತ್ರ ಆ ಮೆತ್ತೆಯದೇ ದೊಡ್ಡ ಕಥೆ ಹೊರಬರುತ್ತದೆ.

1903ರಲ್ಲಿ ಆರ್ವಿಲ್ ರೈಟ್ ಹಾರಿದ್ದು ಬೋರಲು ಮಲಗಿಕೊಂಡು. ಕೂರುವ ಸೀಟು ಬಂದದ್ದು 1908ರಲ್ಲಿ. ಮನೆಯಲ್ಲೇ ವಿಮಾನ ಕಟ್ಟುವ ಹವ್ಯಾಸಿಗಳನ್ನೆಲ್ಲ ಒಂದುಗೂಡಿಸಲು ಪಾಲ್ ಪೊಬೆರೆಜ್ನಿ 1953ರಲ್ಲಿ ಸಂಘ ಕಟ್ಟಿದರು. 1970ರಿಂದ ಅದರ ಜಾತ್ರೆ ಆಶ್‌ಕಾಶ್‌ನಲ್ಲೇ ನಡೆದುಬಂದಿದೆ.

ಮೆತ್ತೆಯ ಕಥೆಗೆ ತಿರುವು ಕೊಟ್ಟವರು ಚಾರ್ಲ್ಸ್ ಯೋಸ್ಟ್. 1966ರಲ್ಲಿ ನಾಸಾದ ಏಮ್ಸ್ ಕೇಂದ್ರಕ್ಕಾಗಿ, ವಿಮಾನದ ಸೀಟು ಸುಖವಾಗಿಯೂ ಇರಬೇಕು, ಅಪಘಾತದಲ್ಲಿ ಮೈಯನ್ನೂ ಕಾಯಬೇಕು ಎಂದು ಅವರು ಹೊಸ ಬಗೆಯ ಫೋಮ್ ರೂಪಿಸಿದರು. ಇಂದು ನಮ್ಮ ಅಂಗಡಿಗಳಲ್ಲಿ ‘ಮೆಮೊರಿ ಫೋಮ್’ ಹಾಸಿಗೆಯಾಗಿ ಮಾರಾಟವಾಗುವುದು ಅದರದೇ ಸಂತತಿ.

ಅದರ ಗುಣ ವಿಚಿತ್ರ. ನಿಧಾನವಾಗಿ ಒತ್ತಿದರೆ ಮೈಯ ಆಕಾರಕ್ಕೆ ಬಗ್ಗುತ್ತದೆ, ಥಟ್ಟನೆ ಗುದ್ದಿದರೆ ಬಿಗಿಯುತ್ತದೆ. ಇದೇ ಬೆನ್ನುಮೂಳೆಯನ್ನು ಕಾಯುವುದು. ಸಾಮಾನ್ಯ ಸೋಫಾ ಫೋಮ್ ಹಾಕಿದ ವಿಮಾನ ನೆಲಕ್ಕೆ ಬಡಿದರೆ ಸೀಟಿನ ತಳ ಅಲ್ಲೇ ನಿಲ್ಲುತ್ತದೆ, ಮೈ ಮಾತ್ರ ಮೆತ್ತೆಯೊಳಗೆ ಕುಸಿಯುತ್ತಲೇ ಹೋಗಿ ತಳಕ್ಕೆ ಅಪ್ಪಳಿಸುತ್ತದೆ. ಮೆತ್ತೆಯೇ ಇಲ್ಲದಿದ್ದಾಗ ತಗಲುವ ಪೆಟ್ಟಿಗಿಂತ ಇದು ಜೋರಾಗಬಹುದು. ಅದಕ್ಕೇ ಬಲ್ಲವರು ಕೆಳಗೆ ಗಟ್ಟಿ, ಮೇಲೆ ಮೆದು ಪದರಗಳನ್ನು ಜೋಡಿಸುತ್ತಾರೆ. ಕಾನ್‌ಫಾರ್ ಎಂಬ ತಳಿಯಲ್ಲಿ ಬಣ್ಣವೇ ಗುರುತು: ಹಸಿರು ಎಲ್ಲಕ್ಕಿಂತ ಗಟ್ಟಿ, ಆಮೇಲೆ ನೀಲಿ, ಗುಲಾಬಿ, ಹಳದಿ. ಚಳಿಗೆ ಇದು ಹಲಗೆಯಂತೆ ಸೆಟೆದುಕೊಳ್ಳುತ್ತದೆ; ಮೈಶಾಖ ತಾಗಿದ ಮೇಲೆಯೇ ಸಡಿಲವಾಗುವುದು.

ಹೊದಿಕೆ ಹೊಲಿಯುವ ಮೊದಲು ಬರೀ ಫೋಮ್ ತುಂಡುಗಳನ್ನಿಟ್ಟು, ಅರ್ಧ ಕಟ್ಟಿದ ವಿಮಾನದೊಳಗೆ ತಾಸುಗಟ್ಟಲೆ ಕೂತು ನೋಡುವುದುಂಟು. ತೊಡೆ ಜೋಮು ಹಿಡಿಯಿತೇ? ಹೆಡ್‌ಸೆಟ್ ಹಾಕಿಕೊಂಡಾಗ ತಲೆ ಮೇಲಿನ ಗಾಜಿಗೆ ತಾಗಿತೇ? ವಿಮಾನವನ್ನು ನಿಯಂತ್ರಿಸುವ, ಕಾಲುಗಳ ನಡುವಿನ ಸ್ಟಿಕ್ಕನ್ನು ಪೂರ್ತಿ ಹಿಂದಕ್ಕೆ ಎಳೆದರೆ ಮೆತ್ತೆಯ ಅಂಚು ಅಡ್ಡ ಬಂತೇ? ಅರ್ಧ ಇಂಚು ಕತ್ತರಿಸಿ, ಮತ್ತೆ ಕೂತು ನೋಡಬೇಕು.

ಬಟ್ಟೆಯ ವಿಚಾರದಲ್ಲಿ ಬೆಂಕಿಯದೇ ಚಿಂತೆ. ದೊಡ್ಡ ಪ್ರಯಾಣಿಕ ವಿಮಾನಗಳ ಸೀಟಿನ ಬಟ್ಟೆಗೆ 12 ಸೆಕೆಂಡು ಜ್ವಾಲೆ ಹಿಡಿದು ಪರೀಕ್ಷಿಸುತ್ತಾರೆ. ಜ್ವಾಲೆ ಸರಿಸಿದರೆ ಅದು ತಾನಾಗಿ ಆರಬೇಕು. ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಅಮೆರಿಕದ ಕಾಯ್ದೆ ಈ ಪರೀಕ್ಷೆಯನ್ನು ಕಡ್ಡಾಯ ಮಾಡಿಲ್ಲ. ಆದರೂ ಜಾಗರೂಕರು ಬಟ್ಟೆ, ಫೋಮ್ ಎರಡರ ತುಣುಕನ್ನೂ ಹಿತ್ತಲಿನಲ್ಲಿ ಸುಟ್ಟು ನೋಡುತ್ತಾರೆ. ಉಣ್ಣೆ ಬೇಗ ಆರುತ್ತದೆ. ಉರಿಯುವ ಪಾಲಿಯುರೆಥೇನ್ ಫೋಮ್‌ನಿಂದ ಸಯನೈಡ್ ಅನಿಲ ಬರುತ್ತದೆ. ಇಕ್ಕಟ್ಟಾದ ಕಾಕ್‌ಪಿಟ್ಟಿನಲ್ಲಿ ಅದು ಬೆಂಕಿಯಷ್ಟೇ ಅಪಾಯ. ಚರ್ಮ ಚೆಂದ, ಆದರೆ ತೂಕ ಹೆಚ್ಚು.

ಅಮೆರಿಕದಲ್ಲಿ ಹವ್ಯಾಸಿ ವಿಮಾನವೆಂದು ಮನ್ನಣೆ ಸಿಗಬೇಕಾದರೆ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಮಾಡಿರಬೇಕು. ಆ ಲೆಕ್ಕಕ್ಕೆ ರೆಕ್ಕೆ ಸೇರುತ್ತದೆ, ಬಾಲ ಸೇರುತ್ತದೆ. ಬಣ್ಣ ಮತ್ತು ಸೀಟಿನ ಹೊದಿಕೆ ಸೇರುವುದಿಲ್ಲ. ಹಾಗಾಗಿ ಸಾವಿರಾರು ರಿವೆಟ್‌ಗಳನ್ನು ತಾವೇ ಬಡಿದವರೂ ಕೊನೆಗೆ ಸಿದ್ಧ ಸೀಟುಗಳನ್ನು ತರಿಸಿಕೊಳ್ಳುತ್ತಾರೆ. ಅವು ಒಳ್ಳೆಯವೇ ಇರಬಹುದು. ಕಾಗದದಲ್ಲಿ ಅಳತೆ ಕತ್ತರಿಸಿ, ಮನೆಯ ಹೊಲಿಗೆ ಯಂತ್ರದಲ್ಲಿ ದಪ್ಪ ಬಟ್ಟೆಗೆ ಸೂಜಿ ಮುರಿದುಕೊಂಡು ಕಲಿಯುವ ವಿದ್ಯೆ ಮಾತ್ರ ಆ ಗ್ಯಾರೇಜಿಗೆ ಬರದೇ ಹೋಗುತ್ತದೆ.