ಕ್ವಿಬೆಕ್‌ನ ಕೋಳಿಗೂಡಿಗೆ ಕಿಂಡಿ ಏಕೆ?

ಕೆನಡಾದ ಕ್ವಿಬೆಕ್ ಪ್ರಾಂತ್ಯದ ಓಕಾದಲ್ಲಿ ಕ್ರೈಸ್ತ ಸನ್ಯಾಸಿಗಳ ಮಠವೊಂದಿತ್ತು. 20ನೇ ಶತಮಾನದ ಆರಂಭದಲ್ಲಿ ಅಲ್ಲಿನ ಬ್ರದರ್ ವಿಲ್ಫ್ರಿಡ್ ಶಾತೆಲೇನ್ ಅವರಿಗೆ ಒಂದು ಕೊರಗು: ಊರಲ್ಲಿ ಸಾಕುವ ಕೋಳಿಗಳೆಲ್ಲ ಹೊರಗಿನಿಂದ ಬಂದ ತಳಿಗಳು, ಆ ಚಳಿಗೆ ಹೇಳಿ ಮಾಡಿಸಿದ್ದು ಒಂದೂ ಇಲ್ಲ. ವರ್ಷಗಟ್ಟಲೆ ಹಲವು ತಳಿಗಳನ್ನು ಬೆರೆಸಿ ಅವರು ಶಾಂಟೆಕ್ಲೇರ್ ಎಂಬ ಬಿಳಿ ಕೋಳಿಯನ್ನು ರೂಪಿಸಿದರು. ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ 1921ರಲ್ಲಿ ಅದಕ್ಕೆ ಮಾನ್ಯತೆ ಕೊಟ್ಟಿತು. ಅದರ ತಲೆ ನೋಡಿದರೆ ಹುಂಜವೋ ಹ್ಯಾಟೆಯೋ ಎಂದು ಅನುಮಾನ ಬರಬೇಕು. ಜುಟ್ಟು ಗುಂಡಿಯಷ್ಟು, ಗದ್ದದ ಜೋಲು ಇದ್ದೂ ಇಲ್ಲದಂತೆ.

ಜುಟ್ಟು ಬರೀ ಶೋಕಿಯಲ್ಲ. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಬಿಸಿಲಲ್ಲಿ ಅದು ಬಾಯಿ ತೆರೆದು ಏದುಸಿರು ಬಿಡುತ್ತದೆ, ಜುಟ್ಟಿನ ತುಂಬ ರಕ್ತ ಹರಿಸಿ ಕಾವು ಹೊರಹಾಕುತ್ತದೆ. ರಾಯಚೂರಿನ ಬೇಸಿಗೆಗೆ ದೊಡ್ಡ ಜುಟ್ಟು ವರ, ಕ್ವಿಬೆಕ್‌ನ ಜನವರಿಗೆ ಅದೇ ಶಾಪ. ಗರಿಯಿಲ್ಲದ ಆ ತೆಳು ಚರ್ಮ ಮೊದಲು ಹೆಪ್ಪುಗಟ್ಟಿ ತುದಿ ಕಪ್ಪಾಗುತ್ತದೆ.

ಉಳಿದ ಮೈಗೆ ಅಷ್ಟು ಭಯವಿಲ್ಲ. ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ಗರಿ ಉಬ್ಬಿಸಿದಾಗ ನಡುವೆ ಸಿಕ್ಕಿಬೀಳುವ ಗಾಳಿಯೇ ಅದರ ಕಂಬಳಿ. ಕಾಲಿನಲ್ಲಿ ಇನ್ನೂ ಜಾಣ ಏರ್ಪಾಟಿದೆ: ಕೆಳಗಿಳಿಯುವ ಬಿಸಿ ರಕ್ತದ ನಾಳ, ಮೇಲೇರುವ ತಣ್ಣನೆಯ ರಕ್ತದ ನಾಳ ಒಂದಕ್ಕೊಂದು ಅಂಟಿಕೊಂಡೇ ಸಾಗುತ್ತವೆ. ಕಾವು ಪಾದ ಮುಟ್ಟುವ ಮೊದಲೇ ಅರ್ಧ ದಾರಿಯಲ್ಲಿ ಕೈಬದಲಾಗಿ ಮೈಗೆ ಮರಳುತ್ತದೆ. ಅಂದಹಾಗೆ, ಶಾಂಟೆಕ್ಲೇರ್‌ನ ಕಾಲು ಹಳದಿ. ಸಾಕುಕೋಳಿಗೆ ಆ ಹಳದಿ ಚರ್ಮದ ಜೀನ್ ಬಂದದ್ದು ಪಶ್ಚಿಮ ಘಟ್ಟದಲ್ಲಿ ಕೂಗುವ ನಮ್ಮ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಘಟ್ಟದ ಜೀನ್ ಹಿಮದ ಮೇಲೆ ಹೆಜ್ಜೆಯಿಡುತ್ತಿದೆ!

ಹಾಗಾದರೆ ಚಳಿಗಾಲದಲ್ಲಿ ಕೋಳಿ ಸೊರಗುವುದು ಏಕೆ? ಬಹುಪಾಲು ಸಾಕುವವರ ಕರುಣೆಯಿಂದ. ಪಾಪ, ಚಳಿ ಎಂದು ಗೂಡಿನ ಸಂದುಗೊಂದೆಲ್ಲ ಮುಚ್ಚಿಬಿಡುತ್ತಾರೆ. ಉಸಿರಿನ ತೇವ, ಮುಕ್ಕಾಲು ಪಾಲು ನೀರೇ ಆದ ಹಿಕ್ಕೆಯ ತೇವ, ಎರಡೂ ಒಳಗೇ ಉಳಿಯುತ್ತವೆ. ಆ ಆವಿ ತಣ್ಣನೆಯ ಗೋಡೆಗೆ, ಜುಟ್ಟಿಗೆ ತಾಗಿ ನೀರಾಗುತ್ತದೆ. ಒದ್ದೆ ಚರ್ಮ ಒಣ ಚರ್ಮಕ್ಕಿಂತ ಬಹುಬೇಗ ಕಾವು ಕಳೆದುಕೊಳ್ಳುತ್ತದೆ, ಒದ್ದೆ ಗರಿಯಲ್ಲಿ ಗಾಳಿ ನಿಲ್ಲುವುದಿಲ್ಲ. ಜೊತೆಗೆ ಹಿಕ್ಕೆಯಿಂದೇಳುವ ಅಮೋನಿಯಾ ಶ್ವಾಸನಾಳವನ್ನು ಕೆಡಿಸುತ್ತದೆ. ಗೂಡಿನೊಳಗೆ ತಲೆ ಹಾಕಿದಾಗ ಮೂಗು ಉರಿದರೆ ಕೋಳಿಗೆ ಆಗಲೇ ತಡವಾಗಿದೆ ಎಂದರ್ಥ.

ಅದಕ್ಕೇ ಅನುಭವಸ್ಥರು ಸೂರಿನಡಿ, ಕೋಳಿಯ ತಲೆಗಿಂತ ಮೇಲೆ, ನಡುಚಳಿಯಲ್ಲೂ ಕಿಂಡಿ ತೆರೆದಿಡುತ್ತಾರೆ. ಆವಿ ಮೇಲಿಂದ ಹೊರಟುಹೋಗಬೇಕು, ಕೂತ ಹಕ್ಕಿಗೆ ನೇರ ಗಾಳಿ ಬಡಿಯಬಾರದು. ಕೂರಲು ದುಂಡನೆಯ ಗಳಕ್ಕಿಂತ ಅಗಲದ ಹಲಗೆ ಮೇಲು. ಬೆರಳುಗಳು ಹಲಗೆಯ ಮೇಲೆ ಚಪ್ಪಟೆಯಾಗಿ ನಿಂತು, ಹೊಟ್ಟೆಯ ಪುಕ್ಕದಡಿ ಪೂರ್ತಿ ಮುಚ್ಚಿಹೋಗುತ್ತವೆ. ನೆಲಕ್ಕೆ ದಪ್ಪನೆಯ ಮರದ ಹೊಟ್ಟು, ಮಲಗುವ ಮುನ್ನ ಒಂದಿಷ್ಟು ಮೆಕ್ಕೆಜೋಳ, ಹೆಪ್ಪುಗಟ್ಟದ ನೀರು ಸಾಕು. ಕೆಂಪು ಹೀಟ್ ಲ್ಯಾಂಪ್ ಮಾತ್ರ ನನಗೆ ಒಪ್ಪಿಗೆಯಿಲ್ಲ. ಒಣ ಹೊಟ್ಟು, ಧೂಳು, ಹಾರಾಡುವ ಹಕ್ಕಿಗಳ ನಡುವೆ ಅದನ್ನು ತೂಗುಹಾಕಿ ಗೂಡೇ ಸುಟ್ಟುಹೋದ ಉದಾಹರಣೆಗಳು ಬೇಕಾದಷ್ಟಿವೆ.

ಇಷ್ಟಾದರೂ ಮೊಟ್ಟೆ ನಿಲ್ಲಬಹುದು. ಅದಕ್ಕೆ ಮುಖ್ಯ ಕಾರಣ ಚಳಿಯಲ್ಲ, ಬೆಳಕು. ಕೋಳಿಯ ತಲೆಬುರುಡೆಯನ್ನು ತೂರಿ ಮಿದುಳನ್ನು ಮುಟ್ಟುವ ಬೆಳಕೇ ಅಂಡಾಶಯಕ್ಕೆ ಸೂಚನೆ, ಕಣ್ಣಿಲ್ಲದ ಕೋಳಿಯಲ್ಲೂ ಇದು ನಡೆಯುತ್ತದೆ. ಚೆನ್ನಾಗಿ ಮೊಟ್ಟೆಯಿಡಲು ದಿನಕ್ಕೆ 14 ಗಂಟೆಯಷ್ಟು ಬೆಳಕು ಬೇಕು, ಡಿಸೆಂಬರ್‌ನ ಮಾಂಟ್ರಿಯಲ್‌ನಲ್ಲಿ ಹಗಲು 9 ಗಂಟೆಯೂ ಇರದು. ಸಣ್ಣ ಬಲ್ಬೊಂದರಿಂದ ಈ ಕೊರತೆ ತುಂಬಬಹುದು, ಆದರೆ ಬೆಳಗಿನ ಜಾವ. ಸಂಜೆ ಹಾಕಿ ದಿಢೀರನೆ ಆರಿಸಿದರೆ, ಕತ್ತಲಲ್ಲಿ ಕಣ್ಣು ಕಾಣದ ಕೋಳಿ ಹಲಗೆ ಹತ್ತಲಾರದೆ ಇದ್ದಲ್ಲೇ ಕೂತುಬಿಡುತ್ತದೆ.