ಬೀಗ ತೆರೆಯುವ ಲೆಕ್ಕ

2020ರ ಏಪ್ರಿಲ್ ಮೂರನೇ ವಾರ ಕೇರಳ ಸರ್ಕಾರ ತನ್ನ ಹದಿನಾಲ್ಕು ಜಿಲ್ಲೆಗಳಿಗೂ ಬಣ್ಣ ಕೊಟ್ಟಿತು. ಕಾಸರಗೋಡು, ಕಣ್ಣೂರು, ಕೋಝಿಕ್ಕೋಡ್, ಮಲಪ್ಪುರಂ ಕೆಂಪು ವಲಯ. ಕೊಚ್ಚಿ ಇರುವ ಎರ್ನಾಕುಲಂ ಮತ್ತು ರಾಜಧಾನಿ ತಿರುವನಂತಪುರ ಕಿತ್ತಳೆ. ಕೋಟ್ಟಯಂ ಮತ್ತು ಇಡುಕ್ಕಿ ಹಸಿರು, ಅಂದರೆ ಅಲ್ಲಿ ಸೋಂಕೇ ಇಲ್ಲ ಎಂಬ ನಂಬಿಕೆ. ಏಪ್ರಿಲ್ 20ರಿಂದ ನಿರ್ಬಂಧ ಸಡಿಲಿಸಿ ಹೋಟೆಲು, ಕ್ಷೌರದಂಗಡಿ, ಪುಸ್ತಕದಂಗಡಿ ತೆರೆಯಲು, ನಗರದೊಳಗೆ ಬಸ್ಸು ಓಡಿಸಲು ರಾಜ್ಯ ಸಿದ್ಧವಾಯಿತು. ಇದು ರಾಷ್ಟ್ರೀಯ ಮಾರ್ಗಸೂಚಿಯನ್ನು ದುರ್ಬಲಗೊಳಿಸಿದಂತೆ ಎಂದು ಕೇಂದ್ರ ಗೃಹ ಸಚಿವಾಲಯ ಪತ್ರ ಬರೆಯಿತು. ಕೆಲವು ವಿನಾಯಿತಿಗಳನ್ನು ರಾಜ್ಯ ವಾಪಸು ಪಡೆಯಿತು. ಅಷ್ಟರಲ್ಲಿ ಹಸಿರು ಜಿಲ್ಲೆಗಳಲ್ಲಿ ಹೊಸ ಸೋಂಕುಗಳು ಪತ್ತೆಯಾದವು. ಏಪ್ರಿಲ್ 27ಕ್ಕೆ ಕೋಟ್ಟಯಂ, ಇಡುಕ್ಕಿ ಎರಡೂ ಕೆಂಪು ವಲಯ ಸೇರಿದವು.

ಒಂದೇ ವಾರದಲ್ಲಿ ಹಸಿರು ಕೆಂಪಾಗಿದ್ದು ಹೇಗೆ? ಅಧಿಕಾರಿಗಳು ಲೆಕ್ಕ ತಪ್ಪಿಸಿರಲಿಲ್ಲ. ಅವರ ಕೈಯಲ್ಲಿದ್ದ ಲೆಕ್ಕವೇ ಹಳೆಯದು.

ಕೊರೊನಾ ವೈರಸ್ಸಿನ ಮೂಲ ತಳಿ ದೇಹ ಹೊಕ್ಕ ಮೇಲೆ ಜ್ವರ, ಕೆಮ್ಮು ಕಾಣಿಸಿಕೊಳ್ಳಲು ಸರಾಸರಿ ಐದಾರು ದಿನ ಬೇಕಿತ್ತು, ಕೆಲವರಲ್ಲಿ ಹದಿನಾಲ್ಕು ದಿನ. ಜ್ವರ ಬಂದವರು ಎರಡು ದಿನ ಮನೆಯಲ್ಲೇ ಕಷಾಯ ಕುಡಿದು ಕಾಯುತ್ತಾರೆ. ಆಮೇಲೆ ಗಂಟಲದ್ರವ ಕೊಡುತ್ತಾರೆ. ಫಲಿತಾಂಶಕ್ಕೆ ಇನ್ನೊಂದೆರಡು ದಿನ. ಹೀಗಾಗಿ ಮುಖ್ಯಮಂತ್ರಿಗಳು ಸಂಜೆ ಸುದ್ದಿಗೋಷ್ಠಿಯಲ್ಲಿ ಓದುವ ಸಂಖ್ಯೆ ಸುಮಾರು ಹತ್ತು ದಿನದ ಹಿಂದಿನ ಸೋಂಕುಗಳದ್ದು. ಆಸ್ಪತ್ರೆಯ ಹಾಸಿಗೆ ತುಂಬುವುದು ಅದಕ್ಕೂ ವಾರದ ನಂತರ, ಸಾವಿನ ಸಂಖ್ಯೆ ಇನ್ನೂ ತಡ. ಸಾಲದ್ದಕ್ಕೆ, ಲಕ್ಷಣ ಕಾಣಿಸುವುದಕ್ಕೆ ಒಂದೆರಡು ದಿನ ಮೊದಲೇ ಸೋಂಕಿತರು ಬೇರೆಯವರಿಗೆ ರೋಗ ಹಂಚುತ್ತಾರೆ.

ಪ್ರವಾಹದ ನೀರೂ ಹೀಗೆಯೇ ತಡವಾಗಿ ತಲುಪುತ್ತದೆ. 2018ರ ಆಗಸ್ಟ್‌ನಲ್ಲಿ ಇಡುಕ್ಕಿಯ ಚೆರುತೋಣಿ ಅಣೆಕಟ್ಟಿನ ಗೇಟು ತೆರೆದಾಗ ಪೆರಿಯಾರ್ ದಂಡೆಯ ಆಲುವಾದಲ್ಲಿ ನೀರು ಏರಿದ್ದು ಗಂಟೆಗಳ ನಂತರ. ಆಲುವಾದ ಮಟ್ಟ ಸದ್ಯ ಸರಿಯಾಗಿದೆ ಎಂದು ಮೇಲೆ ಇನ್ನೊಂದು ಗೇಟು ಎತ್ತಿದರೆ ಏನಾದೀತೋ, ಇಂದಿನ ಸೋಂಕಿನ ಸಂಖ್ಯೆ ನೋಡಿ ನಾಳೆಯ ನಿರ್ಬಂಧ ತೆಗೆದರೂ ಆಗುವುದು ಅದೇ.

ವಿಳಂಬದ ಜೊತೆಗೆ ಗುಣಾಕಾರವೂ ಕೆಲಸ ಮಾಡುತ್ತದೆ. ಒಬ್ಬ ಸೋಂಕಿತ ಸರಾಸರಿ ಎಷ್ಟು ಮಂದಿಗೆ ರೋಗ ದಾಟಿಸುತ್ತಾನೆ ಎಂಬುದನ್ನು ಸೋಂಕುತಜ್ಞರು ‘ಆರ್’ ಎಂಬ ಸಂಖ್ಯೆಯಿಂದ ಅಳೆಯುತ್ತಾರೆ. ಊರಲ್ಲಿ ನೂರು ಸೋಂಕಿತರಿದ್ದಾರೆ, ಒಂದು ಸುತ್ತಿನ ಹರಡುವಿಕೆಗೆ ಐದು ದಿನ ಎಂದಿಟ್ಟುಕೊಳ್ಳಿ. ಆರ್ 0.9 ಇದ್ದರೆ ತಿಂಗಳ ಕೊನೆಗೆ ಪ್ರತಿ ಸುತ್ತಿನ ಸೋಂಕು 53ಕ್ಕೆ ಇಳಿಯುತ್ತದೆ. ಆರ್ 1.1 ಆದರೆ 177. 1.3 ಆದರೆ 480 ದಾಟುತ್ತದೆ. 0.9ಕ್ಕೂ 1.3ಕ್ಕೂ ನಡುವಿನ ಅಂತರ ಬೀದಿಯಲ್ಲಿ ನಡೆಯುವವರ ಕಣ್ಣಿಗೆ ಬೀಳುವಂಥದ್ದಲ್ಲ. ನಾಲ್ಕು ಅಂಗಡಿ ಹೆಚ್ಚು ತೆರೆದಿವೆ, ಬಸ್ಸಿನಲ್ಲಿ ನಿಂತವರು ಹೆಚ್ಚಾಗಿದ್ದಾರೆ, ಮದುವೆಗೆ ಇಪ್ಪತ್ತು ಜನರ ಬದಲು ಎಂಬತ್ತು ಜನ ಬಂದಿದ್ದಾರೆ, ಅಷ್ಟೇ.

ಈ ಸರಾಸರಿಯೂ ನಮ್ಮನ್ನು ದಾರಿ ತಪ್ಪಿಸಬಲ್ಲದು. ಸೋಂಕಿತರಲ್ಲಿ ಹೆಚ್ಚಿನವರು ಯಾರಿಗೂ ರೋಗ ದಾಟಿಸುವುದಿಲ್ಲ, ಕೆಲವೇ ಮಂದಿ ಹತ್ತಾರು ಜನಕ್ಕೆ ದಾಟಿಸುತ್ತಾರೆ. ಆ ಕೆಲವರು ಇಕ್ಕಟ್ಟಾದ, ಗಾಳಿಯಾಡದ, ದಟ್ಟಣೆಯ ಜಾಗ ತಲುಪುವ ತನಕ ಎಲ್ಲವೂ ಹತೋಟಿಯಲ್ಲಿದ್ದಂತೆಯೇ ಕಾಣುತ್ತದೆ. ತಿರುವನಂತಪುರದ ಪೂಂತುರದಲ್ಲಿ ಆದದ್ದು ಇದು.

2020ರ ಮೇ 8ರಂದು ಇಡೀ ಕೇರಳದಲ್ಲಿ ಚಿಕಿತ್ಸೆಯಲ್ಲಿದ್ದ ಕೋವಿಡ್ ರೋಗಿಗಳು 16 ಮಂದಿ ಮಾತ್ರ. ಅದರ ಹಿಂದಿನ ದಿನವಷ್ಟೇ ವಿದೇಶದಲ್ಲಿ ಸಿಲುಕಿದವರನ್ನು ಕರೆತರುವ ವಂದೇ ಭಾರತ್ ಯೋಜನೆಯ ವಿಮಾನ ಅಬುಧಾಬಿಯಿಂದ ಹೊರಟು ಕೊಚ್ಚಿಯ ನೆಡುಂಬಾಶ್ಶೇರಿಯಲ್ಲಿ ಇಳಿದಿತ್ತು. ಕೆಲಸ ಕಳೆದುಕೊಂಡವರು, ಗರ್ಭಿಣಿಯರು, ವೃದ್ಧರು ಮನೆಗೆ ಮರಳುತ್ತಿದ್ದರು. ಅವರನ್ನು ತಡೆಯುವುದು ಅಮಾನವೀಯವಾಗುತ್ತಿತ್ತು, ಕೇರಳ ತಡೆಯಲಿಲ್ಲ. ಜೂನ್ 8ರಿಂದ ದೇಶದ ಹಲವೆಡೆ ಮಾಲು, ಹೋಟೆಲು, ದೇವಾಲಯಗಳು ತೆರೆದವು. ಜುಲೈ 6ರ ಬೆಳಿಗ್ಗೆ ತಿರುವನಂತಪುರ ನಗರಕ್ಕೆ ಮೂರು ಹಂತದ ಬಿಗಿ ನಿರ್ಬಂಧವಾದ ಟ್ರಿಪಲ್ ಲಾಕ್‌ಡೌನ್ ಬಿತ್ತು.

ಪೂಂತುರ ಮೀನುಗಾರರ ಊರು. ಮನೆಯ ಗೋಡೆಗೆ ಮನೆಯ ಗೋಡೆ ಅಂಟಿಕೊಂಡಿದೆ. ದೋಣಿಯಲ್ಲಿ, ಮೀನು ಹರಾಜಿನಲ್ಲಿ, ಕುಮರಿಚಂತ ಮಾರುಕಟ್ಟೆಯಲ್ಲಿ ಜನ ಭುಜಕ್ಕೆ ಭುಜ ತಾಗಿಸಿಯೇ ದುಡಿಯಬೇಕು. ಕನ್ಯಾಕುಮಾರಿ ಕಡೆಯಿಂದ ಮೀನಿನ ಲಾರಿಗಳು ಬರುತ್ತವೆ, ವ್ಯಾಪಾರಿಗಳು ಹತ್ತಾರು ಬೀದಿಗೆ ಮೀನು ಒಯ್ಯುತ್ತಾರೆ. ಐದು ದಿನಗಳಲ್ಲಿ ಅಲ್ಲಿ 600 ಜನರನ್ನು ಪರೀಕ್ಷಿಸಿದಾಗ 119 ಮಂದಿಗೆ ಸೋಂಕಿತ್ತು. ಪೊಲೀಸ್ ಕಮಾಂಡೊಗಳು ಬಂದರು, ರಸ್ತೆಗಳು ಮುಚ್ಚಿದವು. ದಿನಸಿ ಸಿಗದೆ, ಊರಿಗೇ ಕಳಂಕ ಹಚ್ಚಿದರೆಂಬ ಸಿಟ್ಟಿನಲ್ಲಿ ಜುಲೈ 10ರಂದು ಜನ ಬೀದಿಗಿಳಿದರು, ವೈದ್ಯಕೀಯ ತಂಡದ ವಾಹನಕ್ಕೆ ಮುತ್ತಿಗೆ ಹಾಕಿದರು. ಎರಡು ದಿನ ಕಳೆಯುವಷ್ಟರಲ್ಲಿ ಅದೇ ಊರಿನವರು ಆರೋಗ್ಯ ಕಾರ್ಯಕರ್ತರನ್ನು ಹೂ ಎರಚಿ ಬರಮಾಡಿಕೊಂಡರು. ನಡುವೆ ಊರಿನ ಹಿರಿಯರ ಜೊತೆ ಮಾತುಕತೆ ನಡೆದಿತ್ತು. ಕಮಾಂಡೊಗಳಿಂದ ಆಗದ್ದು ಮಾತುಕತೆಯಿಂದ ಆಯಿತು ಎಂದೇ ನಾನು ತಿಳಿದಿದ್ದೇನೆ.

ಜುಲೈ 17ರಂದು ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಪೂಂತುರ ಮತ್ತು ಅದೇ ಕರಾವಳಿಯ ಪುಲ್ಲುವಿಳದಲ್ಲಿ ಸಮುದಾಯ ಹರಡುವಿಕೆ ಆಗಿದೆ ಎಂದು ಬಹಿರಂಗವಾಗಿ ಹೇಳಿದರು. ಪೂಂತುರದಲ್ಲಿ 50 ಮಾದರಿಗಳಲ್ಲಿ 26, ಪುಲ್ಲುವಿಳದಲ್ಲಿ 97ರಲ್ಲಿ 51 ಪಾಸಿಟಿವ್. ದೇಶದ ಬೇರೆ ಯಾವ ರಾಜ್ಯವೂ ಅದುವರೆಗೆ ಆ ಮಾತನ್ನು ಒಪ್ಪಿಕೊಂಡಿರಲಿಲ್ಲ. ಅದೇ ತಿಂಗಳು ಕೊಚ್ಚಿಯ ದಕ್ಷಿಣಕ್ಕಿರುವ ಚೆಲ್ಲಾನಂ ಎಂಬ ಕರಾವಳಿ ಊರೂ ಸೋಂಕಿಗೆ ಸಿಕ್ಕಿತು. ಅಲ್ಲಿ ಕಡಲ್ಕೊರೆತವೂ ಜೊತೆಗೇ ಬಂದು, ಮನೆಯೊಳಗೇ ಇರಿ ಎಂದವರ ಮನೆಯೊಳಗೆ ಸಮುದ್ರದ ನೀರು ನುಗ್ಗಿತು.

ನಿರ್ಬಂಧ ಸಡಿಲಿಸಿದ ಮೇಲೆ ಸೋಂಕು ಮರಳುವುದು ಶತಮಾನದ ಹಿಂದೆಯೂ ಆಗಿತ್ತು. 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರ ಬೇಗನೆ ಶಾಲೆ, ಚಿತ್ರಮಂದಿರ, ಚರ್ಚುಗಳನ್ನು ಮುಚ್ಚಿ ಅನೇಕ ಜೀವ ಉಳಿಸಿತು. ನವೆಂಬರ್ ಮಧ್ಯದಲ್ಲಿ ನಿರ್ಬಂಧ ಸಡಿಲಿಸಿದ ಮೇಲೆ ಸಾವು ಮತ್ತೆ ಏರಿತು, ಮತ್ತೆ ಮುಚ್ಚಬೇಕಾಯಿತು. ಚೆನ್ನಾಗಿ ತಡೆದ ಊರಿನಲ್ಲಿಯೇ ಎರಡನೇ ಏರಿಕೆ ಏಕೆ ಬರುತ್ತದೆ ಎಂಬುದಕ್ಕೆ ಕಾರಣ ಸರಳ. ತಡೆದದ್ದರಿಂದ ಹೆಚ್ಚಿನ ಜನಕ್ಕೆ ಸೋಂಕು ತಗುಲಿರುವುದಿಲ್ಲ. ಆದ್ದರಿಂದ ಅವರಿಗೆ ರೋಗನಿರೋಧಕ ಶಕ್ತಿಯೂ ಬಂದಿರುವುದಿಲ್ಲ. ಗೆದ್ದ ಊರು ಬಾಗಿಲು ತೆರೆದಾಗಲೇ ಹೆಚ್ಚು ಅಪಾಯದಲ್ಲಿರುತ್ತದೆ. 2021ರ ಜುಲೈನಲ್ಲಿ ಕೇರಳದ ಸ್ಥಿತಿ ಇದೇ ಆಗಿತ್ತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ನಾಲ್ಕನೇ ರಾಷ್ಟ್ರೀಯ ಸಮೀಕ್ಷೆಯಲ್ಲಿ ಜನರ ರಕ್ತದಲ್ಲಿ ಕೊರೊನಾ ಪ್ರತಿಕಾಯಗಳಿವೆಯೇ ಎಂದು ನೋಡಲಾಗಿತ್ತು. ದೇಶದ ಸರಾಸರಿ ಶೇ. 67.6. ಮಧ್ಯಪ್ರದೇಶ ಶೇ. 79. ನಮ್ಮ ಕರ್ನಾಟಕ ಶೇ. 69.8. ಕೇರಳ ಶೇ. 44.4, ಸಮೀಕ್ಷೆಯಲ್ಲಿದ್ದ ರಾಜ್ಯಗಳಲ್ಲೆಲ್ಲ ಕಡಿಮೆ. ಆಗ ಹರಡುತ್ತಿದ್ದ ಡೆಲ್ಟಾ ತಳಿ ಯಾವ ತಡೆಯೂ ಇಲ್ಲದಿದ್ದರೆ ಒಬ್ಬರಿಂದ ಐದಾರು ಮಂದಿಗೆ ದಾಟಬಲ್ಲದಾಗಿತ್ತು. ಆರು ಎಂದು ಹಿಡಿದರೆ, ಹರಡುವಿಕೆ ತಾನಾಗಿ ಇಳಿಯಲು ಆರರಲ್ಲಿ ಐವರಿಗೆ, ಅಂದರೆ ಸುಮಾರು ಶೇ. 83ರಷ್ಟು ಜನಕ್ಕೆ ರಕ್ಷಣೆ ಬೇಕು. ಇದ್ದದ್ದು ಅದರ ಅರ್ಧದಷ್ಟು.

ಆ ತಿಂಗಳು ವ್ಯಾಪಾರಿಗಳ ತಾಳ್ಮೆ ಮುಗಿದಿತ್ತು. ಮೇ 8ರಿಂದ ಲಾಕ್‌ಡೌನ್, ಆಮೇಲೂ ವಾರಕ್ಕೆ ಕೆಲವೇ ದಿನ ಅಂಗಡಿ, ಬಾಡಿಗೆ, ಸಾಲದ ಕಂತು. ಅವರ ಸಂಕಟ ಸುಳ್ಳಲ್ಲ. ಬಕ್ರೀದ್ ಎದುರಿಗಿತ್ತು. ಸರ್ಕಾರ ಜುಲೈ 18ರಿಂದ 20ರವರೆಗೆ ಬಟ್ಟೆ, ಚಪ್ಪಲಿ, ಚಿನ್ನದ ಅಂಗಡಿಗಳಿಗೆ ಅನುಮತಿ ಕೊಟ್ಟಿತು, ಸೋಂಕು ತೀವ್ರವಾಗಿದ್ದ ಪ್ರದೇಶಗಳಿಗೂ ಒಂದು ದಿನ. ರಾಜ್ಯದ ಪಾಸಿಟಿವಿಟಿ ದರ, ಅಂದರೆ ನೂರು ಪರೀಕ್ಷೆಗೆ ಪಾಸಿಟಿವ್ ಬಂದವರ ಪಾಲು, ಶೇ. 10ರ ಮೇಲಿತ್ತು. ಶೇ. 5ಕ್ಕಿಂತ ಕೆಳಗೆ ಎರಡು ವಾರ ನಿಂತ ಮೇಲೆ ಸಡಿಲಿಸಬಹುದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಭಾರತೀಯ ವೈದ್ಯಕೀಯ ಸಂಘ ಬಲವಾಗಿ ವಿರೋಧಿಸಿತು. ಜುಲೈ 20ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ನಾರಿಮನ್ ಮತ್ತು ಗವಾಯಿ ಅವರ ಪೀಠ, ವ್ಯಾಪಾರಿಗಳ ಒತ್ತಡಕ್ಕೆ ಮಣಿದು ಜನರ ಜೀವದ ಹಕ್ಕನ್ನು ಪಣಕ್ಕಿಟ್ಟದ್ದು ಸಲ್ಲದು ಎಂದು ರಾಜ್ಯವನ್ನು ತರಾಟೆಗೆ ತೆಗೆದುಕೊಂಡಿತು. ಜುಲೈ 27ರ ದಿನದ ಲೆಕ್ಕ 22,129, ದೇಶದ ಹೊಸ ಸೋಂಕುಗಳ ಸುಮಾರು ಅರ್ಧ.

ಆ ಮೂರು ದಿನಗಳಿಂದಲೇ ಇಷ್ಟೆಲ್ಲ ಆಯಿತು ಎನ್ನಲು ಬರುವುದಿಲ್ಲ, ಸಂಖ್ಯೆ ಮೊದಲೇ ಏರುಮುಖವಾಗಿತ್ತು. ಒಂದು ಸಮುದಾಯದ ಹಬ್ಬಕ್ಕೆ ತಪ್ಪು ಹೊರಿಸಿದ್ದಂತೂ ಅನ್ಯಾಯ. ಜನ ಸೇರಿದ್ದು ಬಕ್ರೀದಿಗೆ ಮಾತ್ರವಲ್ಲ. 2020ರ ಓಣಂ ಮುಗಿದು ಐದು ವಾರಕ್ಕೆ, ಅಕ್ಟೋಬರ್ 7ರಂದು ದಿನದ ಸೋಂಕು ಮೊದಲ ಬಾರಿ ಹತ್ತು ಸಾವಿರ ದಾಟಿತ್ತು. 2021ರ ಏಪ್ರಿಲ್ 6ರ ವಿಧಾನಸಭಾ ಚುನಾವಣೆಗೆ ಎಲ್ಲ ಪಕ್ಷಗಳೂ ಜನ ಸೇರಿಸಿದ್ದವು. ಬಕ್ರೀದ್ ಸಡಿಲಿಕೆಯ ತಪ್ಪು ಬೇರೆಯೇ. ಅರ್ಧಕ್ಕಿಂತ ಹೆಚ್ಚು ಜನಕ್ಕೆ ರಕ್ಷಣೆ ಇಲ್ಲದಿದ್ದಾಗ ಜನದಟ್ಟಣೆಯನ್ನು ಮೂರು ದಿನಕ್ಕೆ ಅದುಮಿದ್ದು. ತೆರೆಯಲೇಬೇಕಿದ್ದರೆ ಮೂರು ವಾರ, ಬೆಳಿಗ್ಗೆಯಿಂದ ರಾತ್ರಿಯವರೆಗೆ ತೆರೆದು ಜನರನ್ನು ಚದುರಿಸಬಹುದಿತ್ತು.

ಎಲ್ಲಿ ತೆರೆಯಬೇಕು, ಎಲ್ಲಿ ಮುಚ್ಚಬೇಕು ಎಂಬುದಕ್ಕೆ ಪಾಸಿಟಿವಿಟಿ ದರವನ್ನೇ ಅಳತೆಗೋಲು ಮಾಡಿಕೊಂಡದ್ದರಲ್ಲೂ ತೊಡಕಿತ್ತು. ನೂರು ಪರೀಕ್ಷೆಗೆ ಎಷ್ಟು ಪಾಸಿಟಿವ್ ಎಂಬುದು ಯಾರನ್ನು ಪರೀಕ್ಷಿಸುತ್ತೀರಿ ಎಂಬುದರ ಮೇಲೆ ನಿಂತಿದೆ. ಜ್ವರ ಬಂದವರನ್ನೇ ಹುಡುಕಿ ಪರೀಕ್ಷಿಸುವ ಪಂಚಾಯಿತಿಯ ದರ ಏರುತ್ತದೆ, ಅಲ್ಲಿ ಅಂಗಡಿ ಮುಚ್ಚುತ್ತದೆ. ಆರೋಗ್ಯವಂತರನ್ನು ಸಾಲಾಗಿ ನಿಲ್ಲಿಸಿ ಪರೀಕ್ಷಿಸಿದರೆ ದರ ಇಳಿಯುತ್ತದೆ. ಆಗಸ್ಟ್‌ನಲ್ಲಿ ಕೇರಳ ಇದನ್ನು ಕೈಬಿಟ್ಟು, ವಾರದಲ್ಲಿ ಸಾವಿರ ಜನಸಂಖ್ಯೆಗೆ ಎಷ್ಟು ಸೋಂಕು ಎಂಬ ಲೆಕ್ಕಕ್ಕೆ ಬಂತು. ಹತ್ತು ದಾಟಿದ ಕಡೆ ಮಾತ್ರ ಟ್ರಿಪಲ್ ಲಾಕ್‌ಡೌನ್. ಇದು ಹೆಚ್ಚು ಪ್ರಾಮಾಣಿಕ ಅಳತೆ. ಇನ್ನೂ ಮೊದಲೇ ಬರಬೇಕಿತ್ತು.

ಕಣ್ಣುಮುಚ್ಚಿ ಹೇರಿದ ನಿರ್ಬಂಧವೂ ಜೀವ ತೆಗೆಯುತ್ತದೆ ಎಂಬುದು ಗಡಿನಾಡಿನ ಕನ್ನಡಿಗರಿಗೆ ಗೊತ್ತು. 2020ರ ಮಾರ್ಚ್‌ನಲ್ಲಿ ಕಾಸರಗೋಡಿನಿಂದ ಮಂಗಳೂರಿಗೆ ಬರುವ ರಸ್ತೆಗಳನ್ನು ಕರ್ನಾಟಕ ಬಂದ್ ಮಾಡಿತು, ಕೆಲವೆಡೆ ಮಣ್ಣು ಸುರಿದು. ಮಂಜೇಶ್ವರದ ಕಡೆಯವರಿಗೆ ಎಂದಿನಿಂದಲೂ ಆಸ್ಪತ್ರೆ ಎಂದರೆ ಮಂಗಳೂರು. ತಲಪಾಡಿ ದಾಟಲಾಗದೆ ರೋಗಿಗಳು ಸತ್ತರು. ಬೇಗ ತೆರೆಯಬೇಡಿ ಎನ್ನುವವರು ಈ ಸಾವುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೀಗ ಹಾಕಿ ಗಳಿಸಿದ ದಿನಗಳನ್ನು ಲಸಿಕೆಗೆ, ಹಾಸಿಗೆಗೆ, ಮನೆಮನೆಗೆ ಅಕ್ಕಿ ಮುಟ್ಟಿಸುವುದಕ್ಕೆ ಬಳಸದಿದ್ದರೆ ಆ ಬೀಗಕ್ಕೆ ಸಮರ್ಥನೆಯೇ ಇಲ್ಲ.

ಕೇರಳ ಬಳಸಿತು. 2021ರ ಸೆಪ್ಟೆಂಬರ್ ಕೊನೆಗೆ ವಯಸ್ಕರಲ್ಲಿ ಶೇ. 90ಕ್ಕೂ ಹೆಚ್ಚು ಜನಕ್ಕೆ ಮೊದಲ ಡೋಸ್ ಸಿಕ್ಕಿತ್ತು. ಆ ತಿಂಗಳು ರಾಜ್ಯವೇ ನಡೆಸಿದ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ. 82.6 ಮಂದಿಯಲ್ಲಿ ಪ್ರತಿಕಾಯ ಕಂಡಿತು. ನವೆಂಬರ್ 1ರಂದು ಶಾಲೆಗಳು ತೆರೆದವು. ಇದರ ಫಲ ಕಾಣುವುದು ಎರಡು ಅಲೆಗಳನ್ನು ಹೋಲಿಸಿದಾಗ. 2021ರ ಮೇ 12ರಂದು ದಿನಕ್ಕೆ 43,529 ಸೋಂಕು ಬಂದಾಗ ಇಡೀ ರಾಜ್ಯ ಮುಚ್ಚಿತ್ತು, ನಾಲ್ಕು ದಿನದ ಮೇಲೆ ಎರ್ನಾಕುಲಂ, ತಿರುವನಂತಪುರ ಸೇರಿ ನಾಲ್ಕು ಜಿಲ್ಲೆಗಳಿಗೆ ಟ್ರಿಪಲ್ ಲಾಕ್‌ಡೌನ್ ಬಿತ್ತು. 2022ರ ಜನವರಿ 25ರಂದು, ತೀವ್ರತೆ ಕಡಿಮೆ ಇದ್ದ ಓಮಿಕ್ರಾನ್ ಹರಡಿದಾಗ, ಒಂದೇ ದಿನ 55,475 ಸೋಂಕು ದಾಖಲಾಯಿತು. ಆಗ ಪೂರ್ತಿ ಲಾಕ್‌ಡೌನ್ ಬಂದದ್ದು ಕೆಲವು ಭಾನುವಾರ ಮಾತ್ರ.